ಅಗ್ಗದ ಲಿನಕ್ಸ್ ಕಂಪ್ಯೂಟರ್: ಹೂಡಿ ನೋಡಿ ಕೊಳ್ಳಿರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕಿನ ಹಳ್ಳಿಗಳಲ್ಲಿ ಈಗ ಕಂಪ್ಯೂಟರಿನ ಕೆಲಸ ಇಲ್ಲದ ಮನೆ ಕಡಿಮೆ. ಮಕ್ಕಳ ಕಾಲೇಜಿನ ಅರ್ಜಿ, ಪಹಣಿ, ಬೆಳೆ ವಿಮೆ, ಪೇಟೆ ದರ, ಸಂಘದ ಲೆಕ್ಕ, ಹೀಗೆ ಒಂದಿಲ್ಲೊಂದು ಇದ್ದೇ ಇರುತ್ತದೆ. ಮೊಬೈಲಿನಲ್ಲಿ ನೋಡಬಹುದು ಖರೆ. ಆದರೆ ನಾಲ್ಕು ಪುಟದ ಅರ್ಜಿ ತುಂಬುವುದು, ಲೆಕ್ಕದ ಪಟ್ಟಿ ಬರೆಯುವುದು, ಮಗಳು ಟೈಪಿಂಗ್ ಕಲಿಯುವುದು ಮೊಬೈಲಿನಲ್ಲಿ ಆಗದ ಮಾತು.

ಹೊಸ ಕಂಪ್ಯೂಟರಿಗೆ 35-40 ಸಾವಿರ ಅಂತಾರೆ. ಮಳೆ ನಂಬಿದ ನಮಗೆ ಒಂದು ಎಕರೆ ಕಡಲೆ ಚೆನ್ನಾಗಿ ಬಂದರೂ ಖರ್ಚು ಕಳೆದು ಅಷ್ಟು ಉಳಿಯುವುದಿಲ್ಲ. ಹಾಗಾಗಿ ಹಳೆಯದು ಕೊಳ್ಳುವವರೇ ಹೆಚ್ಚು. ಮೋಸ ಹೋಗುವುದೂ ಅಲ್ಲೇ.

ಸವದತ್ತಿ ಕಡೆಯ ನಮ್ಮ ಬೀಗರೊಬ್ಬರು ಎರಡು ಕುರಿ ಮಾರಿ, ಡಿಪ್ಲೊಮಾ ಓದುವ ಮಗಳಿಗೆ 11 ಸಾವಿರಕ್ಕೆ ಒಂದು ಲ್ಯಾಪ್‌ಟಾಪ್ ತಂದರು. ನೋಡಲು ಹೊಸದರಂತೆ ಹೊಳೆಯುತ್ತಿತ್ತು. ಒಳಗೆ ಆಟಮ್ ಚಿಪ್, 2 ಜಿಬಿ ರಾಮ್, 32 ಜಿಬಿ ಜಾಗ. ಎರಡನ್ನೂ ಬೋರ್ಡಿಗೇ ಬೆಸೆದಿದ್ದರು, ಬಿಚ್ಚಿ ಬದಲಿಸುವ ಹಾಗಿಲ್ಲ. ವಿಂಡೋಸ್ ತುಂಬಿ ನಿಂತುಹೋಯಿತು. ಲಿನಕ್ಸ್ ಹಾಕೋಣ ಅಂದರೆ ಆ ಬೋರ್ಡು ಪೆನ್‌ಡ್ರೈವನ್ನೇ ಒಪ್ಪಲಿಲ್ಲ. ಮಾರಿದವ ತಿರುಗಿ ತೊಗೊಳ್ಳಲಿಲ್ಲ. ಅದೇ 11 ಸಾವಿರಕ್ಕೆ ಐದಾರು ವರ್ಷ ಬಾಳುವ ಯಂತ್ರ ಸಿಗುತ್ತಿತ್ತು, ಏನು ಕೇಳಬೇಕು ಅನ್ನುವುದು ಗೊತ್ತಿದ್ದರೆ.

ಏನು ಕೇಳಬೇಕು ಅನ್ನುವುದೇ ಈ ಬರಹ. ನಾನು ಏಳನೇ ಇಯತ್ತೆ ಓದಿದವ. ನಮ್ಮೂರ ಹುಡುಗರ ಜೊತೆ ಸೇರಿ ಹಳೆಯ ಕಂಪ್ಯೂಟರ್ ತಂದು ಲಿನಕ್ಸ್ ಹಾಕುವ ಕೆಲಸ ಮಾಡುತ್ತೇನೆ. ಹುಡುಗರು ಪರದೆಯ ಕೆಲಸ ನೋಡುತ್ತಾರೆ. ಸಾಮಾನು ಆರಿಸುವುದು ನನ್ನ ಪಾಲು.

ಲಿನಕ್ಸ್ ಅಂದ್ರ ಏನು?

ಕಂಪ್ಯೂಟರ್ ಬರೀ ಯಂತ್ರ. ಅದನ್ನು ನಡೆಸಲು ಒಂದು ಮೂಲ ತಂತ್ರಾಂಶ ಬೇಕು. ಹೆಚ್ಚಿನವರ ಹತ್ತಿರ ಇರುವುದು ವಿಂಡೋಸ್, ಅದಕ್ಕೆ ಕಂಪನಿಗೆ ದುಡ್ಡು ಕೊಡಬೇಕು. ಲಿನಕ್ಸ್ ಹಾಗಲ್ಲ. 1991ರಲ್ಲಿ ಫಿನ್‌ಲ್ಯಾಂಡಿನ ಲೈನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರು ಮಾಡಿದ. ಅದಕ್ಕೂ ಮೊದಲು, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಗ್ನೂ ಎಂಬ ಕೆಲಸ ಆರಂಭಿಸಿದ್ದರು. ಎರಡೂ ಕೂಡಿ ಇವತ್ತಿನ ಲಿನಕ್ಸ್ ಆಗಿದೆ. ಇದು ನಮ್ಮ ಮನೆಬೀಜ ಇದ್ದಂತೆ. ಯಾರೂ ಒಯ್ಯಬಹುದು, ಬಿತ್ತಬಹುದು, ನೆರೆಯವರಿಗೆ ಕೊಡಬಹುದು, ಸುಧಾರಿಸಬಹುದು. ಪರವಾನಗಿ ದುಡ್ಡು ಇಲ್ಲ.

ಇದು ಪಟ್ಟಣದವರ ಹವ್ಯಾಸ ಅಂತ ತಿಳಿಯಬೇಡಿ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸ್ ಮೇಲೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಬೆಂಗಳೂರಿನ ಸುದರ್ಶನ ಲೇಔಟಿನ ಕೊಳಗೇರಿಯಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದವರು ದಾನವಾಗಿ ಬಂದ ಹಳೆಯ ಯಂತ್ರಗಳಿಗೆ ಇದನ್ನೇ ಹಾಕಿ, ಅಂಬೇಡ್ಕರ್ ಹೆಸರಿನಲ್ಲಿ ಕಂಪ್ಯೂಟರ್ ಕೇಂದ್ರ ನಡೆಸಿದರು.

ಹೊಂದಿಕೆ ಯಾಕೆ ಬೇಕು?

ನಾಲ್ಕು ತಾಳಿನ ಕೂರಿಗೆಯಲ್ಲಿ ಬಿತ್ತಿದ ಹೊಲಕ್ಕೆ ಬೇರೆ ಅಳತೆಯ ಎಡೆಕುಂಟೆ ಹೊಡೆದರೆ ಏನಾಗುತ್ತದೆ? ಕಸದ ಜೊತೆ ಬೆಳೆಯೂ ಕಿತ್ತು ಬರುತ್ತದೆ. ಕೂರಿಗೆ ಒಳ್ಳೆಯದೇ, ಕುಂಟೆಯೂ ಒಳ್ಳೆಯದೇ. ಆದರೆ ಒಂದಕ್ಕೊಂದು ಅಳತೆ ಕೂಡಿಲ್ಲ. ಕಂಪ್ಯೂಟರಿನಲ್ಲೂ ಹೀಗೇ.

ಎರಡು ತರದ ಹೊಂದಿಕೆ ನೋಡಬೇಕು. ಒಂದು, ಸಾಮಾನಿಗೂ ಸಾಮಾನಿಗೂ. ಬೋರ್ಡಿಗೆ ಸರಿಯಾದ ರಾಮ್, ಸರಿಯಾದ ಡಿಸ್ಕ್. ಎರಡು, ಸಾಮಾನಿಗೂ ಲಿನಕ್ಸಿಗೂ. ವೈಫೈ, ಪ್ರಿಂಟರ್, ಪರದೆ ಇವುಗಳ ಜೊತೆ ಮಾತಾಡಲು ಡ್ರೈವರ್ ಎಂಬ ಚಿಕ್ಕ ತಂತ್ರಾಂಶ ಬೇಕು. ವಿಂಡೋಸ್‌ಗೆ ಅದನ್ನು ಸಾಮಾನು ಮಾಡಿದ ಕಂಪನಿಯೇ ಕೊಡುತ್ತದೆ. ಲಿನಕ್ಸಿನಲ್ಲಿ ಬಹುಪಾಲು ಡ್ರೈವರ್‌ಗಳು ಮೊದಲೇ ಒಳಗಿರುತ್ತವೆ. ಒಳಗಿದ್ದರೆ ಹಚ್ಚಿದ ಕೂಡಲೇ ನಡೆಯುತ್ತದೆ. ಇಲ್ಲದಿದ್ದರೆ ಹುಡುಕಾಟ ಶುರು.

ಹಾಗಾಗಿ ನಮ್ಮ ನಿಯಮ ಒಂದೇ: ಬಹಳ ಮಂದಿ ಬಳಸಿದ, ಎಲ್ಲಾ ಕಡೆ ಸಿಗುವ, ಮೂರು ನಾಲ್ಕು ವರ್ಷ ಹಳೆಯದಾದ ಸಾಮಾನು ಕೊಳ್ಳಬೇಕು. ಬಹಳ ಮಂದಿ ಬಳಸಿದ್ದಕ್ಕೆ ಡ್ರೈವರ್ ಆಗಲೇ ಬಂದಿರುತ್ತದೆ, ಕೆಟ್ಟರೆ ಬಿಡಿಭಾಗವೂ ಸಿಗುತ್ತದೆ. ನಿನ್ನೆ ಬಂದ ಹೊಸ ಮಾದರಿಯೂ ತೊಂದರೆ, ಇಪ್ಪತ್ತು ವರ್ಷದ ಹಳೆಯದೂ ತೊಂದರೆ.

ಸಿಂಪ್ಯೂಟರ್ ಹೇಳುವ ಪಾಠ

ಬಡವರಿಗಾಗಿ ಅಗ್ಗದ ಲಿನಕ್ಸ್ ಕಂಪ್ಯೂಟರ್ ಮಾಡುವ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಕೂಡಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಅಂಗೈ ಮೇಲೆ ಹಿಡಿಯುವ ಯಂತ್ರ. ಬೆರಳಿನಷ್ಟುದ್ದದ ಕಡ್ಡಿಯಿಂದ ಪರದೆ ಮುಟ್ಟಿ ನಡೆಸುವುದು. ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಸೌಲಭ್ಯ ಇತ್ತು. ಒಂದೇ ಯಂತ್ರವನ್ನು ಊರ ಮಂದಿ ಹಂಚಿಕೊಳ್ಳಲಿ ಅಂತ ಸ್ಮಾರ್ಟ್ ಕಾರ್ಡ್ ತೂರಿಸುವ ಜಾಗ ಇಟ್ಟಿದ್ದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್‌ನವರು ಅಮಿಡಾ ಹೆಸರಿನಲ್ಲಿ ಸುಮಾರು 10 ಸಾವಿರದಿಂದ ಮಾರಾಟಕ್ಕೆ ಬಿಟ್ಟರು.

ವಿಚಾರ ದೊಡ್ಡದು, ಕೆಲಸವೂ ಚೊಕ್ಕ. ಆದರೆ ಹಳ್ಳಿ ಹಳ್ಳಿಗೆ ಮುಟ್ಟಲಿಲ್ಲ. ಅದಕ್ಕೆಂದೇ ಬೇರೆ ಬೋರ್ಡು, ಬೇರೆ ಪರದೆ ಮಾಡಬೇಕು. ಲಕ್ಷಗಟ್ಟಲೆ ಮಾರಿದರೆ ಮಾತ್ರ ದರ ಇಳಿಯುತ್ತದೆ, ದರ ಇಳಿದರೆ ಮಾತ್ರ ಲಕ್ಷಗಟ್ಟಲೆ ಮಾರಾಟ. ಅಷ್ಟರಲ್ಲಿ ಮೊಬೈಲ್ ಬಂತು, ಆಫೀಸಿನ ಹಳೆಯ ಕಂಪ್ಯೂಟರ್ ಅಗ್ಗವಾಯಿತು. ನನಗೆ ಅದರಿಂದ ತಿಳಿದದ್ದು ಇಷ್ಟು: ಬಡವನಿಗೆ ಅಂತ ಬೇರೆಯಾಗಿ ಮಾಡಿದ ಯಂತ್ರಕ್ಕಿಂತ, ಎಲ್ಲರೂ ಬಳಸಿ ಬಿಟ್ಟ ಗಟ್ಟಿ ಯಂತ್ರವೇ ಬಡವನಿಗೆ ಅಗ್ಗ.

ಯಾವ ಕಾಲದ ಯಂತ್ರ?

ಈಗ ನಮಗೆ ಒಳ್ಳೆಯ ಹದ ಬಂದಿದೆ. ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಸಾಮಾನ್ಯವಾಗಿ ಇಂಟೆಲ್ 8ನೇ ತಲೆಮಾರಿಗಿಂತ ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಹಾಗಾಗಿ ಬ್ಯಾಂಕು, ಆಫೀಸಿನವರು 6 ಮತ್ತು 7ನೇ ತಲೆಮಾರಿನ ಯಂತ್ರ ತೆಗೆದು ಹಾಕುತ್ತಿದ್ದಾರೆ. ಯಂತ್ರ ಕೆಟ್ಟಿಲ್ಲ, ಲಿನಕ್ಸಿಗೆ ಅವು ಹೇಳಿ ಮಾಡಿಸಿದಂತಿವೆ.

ತಲೆಮಾರು ಗುರುತಿಸುವುದು ಎತ್ತಿನ ಹಲ್ಲು ನೋಡಿದಷ್ಟು ಸುಲಭ. ಯಂತ್ರದ ಮೇಲೆ ಇಂಟೆಲ್ ಐ3, ಐ5 ಅಂತ ಚೀಟಿ ಇರುತ್ತದೆ. ಅದಷ್ಟೇ ಸಾಲದು. ಪೂರ್ತಿ ಹೆಸರು ಕೇಳಬೇಕು. ಐ5-6500 ಅಂದರೆ ಗೆರೆಯ ನಂತರದ ಮೊದಲ ಅಂಕಿ 6, ಅದು 6ನೇ ತಲೆಮಾರು. ಐ5-2400 ಅಂದರೆ 2ನೆಯದು, 2011ರ ಸುಮಾರಿನದು. 10 ರಿಂದ ಮುಂದೆ ಮೊದಲ ಎರಡು ಅಂಕಿ ನೋಡಬೇಕು. "ಐ5 ಐತ್ರಿ" ಅಂತ ಮಾರುವವ ಹೇಳಿದರೆ ಯಾವ ಐ5 ಅಂತ ಕೇಳ್ರಿ. 6ನೆಯ ಐ3 ಎಷ್ಟೋ ಕೆಲಸದಲ್ಲಿ 2ನೆಯ ಐ5ಕ್ಕೆ ಸರಿಸಮ, ಕರೆಂಟೂ ಕಡಿಮೆ.

4ನೇ ತಲೆಮಾರಿಗಿಂತ ಹಳೆಯದು ನಾವು ಕೊಳ್ಳುವುದಿಲ್ಲ. ಪುಕ್ಕಟೆ ಬಂದರೆ ಬೇರೆ ಮಾತು. 32 ಬಿಟ್ ಮಾತ್ರ ನಡೆಸುವ ಬಹಳ ಹಳೆಯ ಯಂತ್ರ ಪುಕ್ಕಟೆ ಬಂದರೂ ಬ್ಯಾಡ. ಲಿನಕ್ಸ್ ಮಿಂಟ್ ತನ್ನ ಮುಖ್ಯ ಆವೃತ್ತಿಗಳಲ್ಲಿ ಅದನ್ನು ಬಿಟ್ಟಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಸಹ 32 ಬಿಟ್ ಯಂತ್ರಕ್ಕೆ ಹೊಸದಾಗಿ ಹಾಕುವ ಪ್ರತಿ ಕೊಡುತ್ತಿಲ್ಲ.

ಆಫೀಸಿಗೆ ಅಂತ ಮಾಡಿದ ಸಾಲುಗಳನ್ನೇ ಹುಡುಕಿ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೋಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಇವು ಮೇಜಿನ ಮೇಲಿಡುವವು. ಲ್ಯಾಪ್‌ಟಾಪಿನಲ್ಲಿ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್. ಇವನ್ನು ಸಾವಿರಗಟ್ಟಲೆ ಒಂದೇ ತರ ಮಾಡಿರುತ್ತಾರೆ. ತಿರುಪು ಬಿಚ್ಚಿ ರಾಮ್, ಡಿಸ್ಕ್ ಬದಲಿಸಬಹುದು. ಪರದೆಗೆ ಬೇಕಾದ ಗ್ರಾಫಿಕ್ಸ್ ಇಂಟೆಲ್ ಚಿಪ್ಪಿನ ಒಳಗೇ ಇರುತ್ತದೆ, ಅದು ಲಿನಕ್ಸಿನಲ್ಲಿ ತಾನಾಗಿ ನಡೆಯುತ್ತದೆ. ಎಎಂಡಿಯದೂ ಚೆನ್ನಾಗಿ ನಡೆಯುತ್ತದೆ. ಎನ್‌ವಿಡಿಯಾ ಕಾರ್ಡ್ ಹಾಕಿದ್ದರೆ ಕಂಪನಿಯ ಡ್ರೈವರ್ ಬೇರೆ ಹಾಕಬೇಕಾಗುತ್ತದೆ, ಹಳೆಯ ಕಾರ್ಡುಗಳಿಗೆ ಹೊಸ ಡ್ರೈವರ್ ಬರುವುದಿಲ್ಲ. ನಮ್ಮ ಕೆಲಸಕ್ಕೆ ಆ ಕಾರ್ಡಿನ ಗರಜೇ ಇಲ್ಲ, ಅದಕ್ಕೆ ಹೆಚ್ಚು ದುಡ್ಡು ಕೊಡಬೇಡಿ.

ರಾಮ್: ಕಚ್ಚು ನೋಡಿ ತೊಗೊಳ್ರಿ

ರಾಮ್ ಅಂದರೆ ಕಣದ ಜಾಗ ಇದ್ದಂತೆ. ಕಣ ಸಣ್ಣದಿದ್ದರೆ ರಾಶಿ ಮಾಡಲು ಒದ್ದಾಟ. ಲಿನಕ್ಸ್ ಮಿಂಟ್ 2 ಜಿಬಿಯಲ್ಲೂ ಏಳುತ್ತದೆ, 4 ಜಿಬಿ ಇದ್ದರೆ ಚಲೋ ಅಂತ ಅವರೇ ಹೇಳುತ್ತಾರೆ. ಇಂದಿನ ವೆಬ್‌ಸೈಟುಗಳು ಭಾರ. ನಾವು 8 ಜಿಬಿ ಹಾಕುತ್ತೇವೆ.

ಇಲ್ಲಿ ಅಳತೆ ತಪ್ಪುವವರು ಬಹಳ. 4ನೇ ತಲೆಮಾರಿನವರೆಗೆ ಡಿಡಿಆರ್3. 6ನೆಯದರಿಂದ ಹೆಚ್ಚಾಗಿ ಡಿಡಿಆರ್4, ಆದರೆ ಕೆಲವು 6ನೇ ಯಂತ್ರಗಳಲ್ಲಿ ಡಿಡಿಆರ್3ಎಲ್ ಇದೆ. ಇವುಗಳ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಒತ್ತಿ ಕೂರಿಸಲು ಹೋದರೆ ಬೋರ್ಡೇ ಹಾಳು. ಲ್ಯಾಪ್‌ಟಾಪಿನ ರಾಮ್ ಗಿಡ್ಡ, ಡೆಸ್ಕ್‌ಟಾಪಿನದು ಉದ್ದ. 4ನೇ ತಲೆಮಾರಿನ ಲ್ಯಾಪ್‌ಟಾಪಿಗೆ ಬೇಕಾದದ್ದು 1.35 ವೋಲ್ಟಿನ ಡಿಡಿಆರ್3ಎಲ್. 1.5 ವೋಲ್ಟಿನ ಸಾದಾ ಡಿಡಿಆರ್3 ನೋಡಲು ಅದರಂತೆಯೇ ಇರುತ್ತದೆ, ಕೂರುತ್ತದೆ ಕೂಡ, ಆದರೆ ಯಂತ್ರ ಏಳುವುದಿಲ್ಲ. ಎಲ್ಲಕ್ಕಿಂತ ಭದ್ರ ದಾರಿ: ಒಳಗಿರುವ ರಾಮ್ ಬಿಚ್ಚಿಕೊಂಡು ಅಂಗಡಿಗೆ ಒಯ್ಯಿರಿ. ಬೋಲ್ಟಿಗೆ ನಟ್ ತರುವಾಗ ಬೋಲ್ಟು ಒಯ್ಯುವುದಿಲ್ಲವೇ, ಹಾಗೆ.

ಚಿಪ್ ಬದಲಿಸುವ ಆಸೆಗೂ ಹೀಗೇ ಎಚ್ಚರ. 2 ಮತ್ತು 3ನೇ ತಲೆಮಾರಿಗೆ 1155 ಸಾಕೆಟ್, 4ನೆಯದಕ್ಕೆ 1150, 6 ಮತ್ತು 7ಕ್ಕೆ 1151. 8 ಮತ್ತು 9ಕ್ಕೂ 1151 ಅಂತಲೇ ಹೆಸರು, ಆದರೆ ಹಳೆಯ ಬೋರ್ಡಿನಲ್ಲಿ ಅವು ನಡೆಯುವುದಿಲ್ಲ. ಹೆಸರು ಒಂದೇ ಇದ್ದ ಮಾತ್ರಕ್ಕೆ ತಳಿ ಒಂದೇ ಅಲ್ಲ.

ಡಿಸ್ಕ್: ಇಲ್ಲಿ ಜಿಪುಣತನ ಬ್ಯಾಡ

ಹಳೆಯ ಯಂತ್ರ ನಿಧಾನ ಅನ್ನಿಸುವುದು ಹೆಚ್ಚಾಗಿ ತಿರುಗುವ ಹಾರ್ಡ್‌ಡಿಸ್ಕಿನಿಂದ. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿದರೆ ಅದೇ ಯಂತ್ರ ಹೊಸದಾಗುತ್ತದೆ. 256 ಜಿಬಿ ಸಾಕು. ಇದೊಂದನ್ನು ಮಾತ್ರ ಹೊಸದೇ ಕೊಳ್ಳಿರಿ. ಎಸ್‌ಎಸ್‌ಡಿ ಬರೆದಷ್ಟೂ ಸವೆಯುತ್ತದೆ, ಬಳಸಿದ್ದು ಎಷ್ಟು ಸವೆದಿದೆ ಅನ್ನುವುದು ಹೊರಗಿನಿಂದ ಕಾಣುವುದಿಲ್ಲ.

2.5 ಇಂಚಿನ ಸಾಟಾ ತರದ್ದು ಆ ಕಾಲದ ಬಹುತೇಕ ಯಂತ್ರಗಳಿಗೆ ಕೂರುತ್ತದೆ. ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ತರದ್ದು ಕೊಳ್ಳುವ ಮೊದಲು ಬೋರ್ಡಿನಲ್ಲಿ ಜಾಗ ಉಂಟೋ ನೋಡಿ. ಅದರಲ್ಲೂ ಸಾಟಾ, ಎನ್‌ವಿಎಂಇ ಅಂತ ಎರಡು ಜಾತಿ. ಬೋರ್ಡು ಒಂದನ್ನು ಒಪ್ಪಿ ಇನ್ನೊಂದನ್ನು ಒಪ್ಪದೇ ಇರಬಹುದು.

ಒಮ್ಮೊಮ್ಮೆ ಲಿನಕ್ಸ್ ಹಾಕುವಾಗ ಡಿಸ್ಕೇ ಕಾಣುವುದಿಲ್ಲ. ಡಿಸ್ಕ್ ಕೆಟ್ಟಿದೆ ಅಂತ ತಿರುಗಿಸಬೇಡಿ. ಬಯೋಸ್ ಒಳಗೆ ಹೋಗಿ ಸಾಟಾ ವಿಭಾಗದಲ್ಲಿ ರೇಡ್ ಅಂತ ಇದ್ದದ್ದನ್ನು ಎಎಚ್‌ಸಿಐ ಮಾಡಿದರೆ ಕಾಣುತ್ತದೆ. ಹಳೆಯ ವಿಂಡೋಸ್ ಉಳಿಸಿಕೊಳ್ಳುವುದಿದ್ದರೆ ಇದನ್ನು ಮುಟ್ಟಬೇಡಿ, ಅದು ಏಳದೇ ಹೋದೀತು.

ವೈಫೈ: ಹೆಚ್ಚು ಕಾಡುವುದು ಇದೇ

ಲಿನಕ್ಸ್ ಹಾಕಿದವರ ದೂರಿನಲ್ಲಿ ಅರ್ಧಕ್ಕರ್ಧ ವೈಫೈನದ್ದು ಅಂದರೆ ತಪ್ಪಲ್ಲ. ಇಂಟೆಲ್ ಮತ್ತು ಅಥೆರೋಸ್ ಚಿಪ್ಪುಗಳು ತಾವಾಗಿ ನಡೆಯುತ್ತವೆ. ಬ್ರಾಡ್‌ಕಾಮ್ ಚಿಪ್ಪಿಗೆ ಹೆಚ್ಚಾಗಿ ಡ್ರೈವರ್ ಬೇರೆ ಹಾಕಬೇಕು, ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಲ್ಲಿ ಅದು ಸಿಗುತ್ತದೆ. ರಿಯಲ್‌ಟೆಕ್‌ನ ಕೆಲವು ಚೆನ್ನಾಗಿ ನಡೆಯುತ್ತವೆ, ಕೆಲವು ಕಾಡುತ್ತವೆ.

ಡೆಸ್ಕ್‌ಟಾಪಿಗೆ ಯುಎಸ್‌ಬಿ ವೈಫೈ ಕಡ್ಡಿ ಕೊಳ್ಳುವಾಗ ಹೆಸರು ನೋಡಿ ಕೊಂಡರೆ ಸಾಲದು. ಟಿಪಿ-ಲಿಂಕ್ ಡಬ್ಲ್ಯೂಎನ್722ಎನ್ ಎಂಬ ಕಡ್ಡಿಯ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಚಿಪ್ ಇತ್ತು. ಎರಡನೇ ಆವೃತ್ತಿಯಿಂದ ರಿಯಲ್‌ಟೆಕ್ ಬಂತು. ಡಬ್ಬಿ ಅದೇ, ಹೆಸರೂ ಅದೇ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದ ಆವೃತ್ತಿ ಸಂಖ್ಯೆ ಮಾತ್ರ ಬೇರೆ. ಬೀಜದ ಚೀಲದ ಮೇಲೆ ಲಾಟ್ ನಂಬರ್ ಓದುವ ರೂಢಿ ಇದ್ದವರಿಗೆ ಇದು ಕಷ್ಟ ಅಲ್ಲ.

ವೈಫೈ ಇಲ್ಲದಿದ್ದರೂ ಕೈ ಕಟ್ಟಿ ಕೂರಬೇಕಿಲ್ಲ. ಆಂಡ್ರಾಯ್ಡ್ ಮೊಬೈಲನ್ನು ಚಾರ್ಜರ್ ವೈರಿನಿಂದ ಕಂಪ್ಯೂಟರಿಗೆ ಹಚ್ಚಿ, ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಒತ್ತಿದರೆ ಇಂಟರ್ನೆಟ್ ಬರುತ್ತದೆ. ಲಿನಕ್ಸಿನಲ್ಲಿ ಇದಕ್ಕೆ ಬೇರೆ ಡ್ರೈವರ್ ಬೇಕಿಲ್ಲ. ವೈಫೈ ಡ್ರೈವರ್ ಇಳಿಸಿಕೊಳ್ಳಲೂ ಇದೇ ದಾರಿ. ವೈರು ಮಾತ್ರ ಚಾರ್ಜಿಗಷ್ಟೇ ಅಲ್ಲದೆ ಮಾಹಿತಿಯನ್ನೂ ಸಾಗಿಸುವಂಥದ್ದು ಇರಬೇಕು.

ಪರದೆ, ಪ್ರಿಂಟರ್

ಹಳೆಯ ಮಾನಿಟರಿಗೆ ವಿಜಿಎ ಎಂಬ ನೀಲಿ ಪಿನ್ನು ಇರುತ್ತದೆ. ಆಪ್ಟಿಪ್ಲೆಕ್ಸ್‌ನಂಥ ಯಂತ್ರಗಳಲ್ಲಿ ಡಿಸ್‌ಪ್ಲೇಪೋರ್ಟ್ ಇರುತ್ತದೆ, ವಿಜಿಎ ಎಲ್ಲದರಲ್ಲೂ ಇರುವುದಿಲ್ಲ. ಎರಡರ ಪಿನ್ನೂ ನೋಡಿಯೇ ಹಣ ಕೊಡಿ. ಕೂಡದಿದ್ದರೆ ನಡುವೆ ಪರಿವರ್ತಕ ಹಾಕಬೇಕು, ಅದರ ದರವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಿಂಟರಿನಲ್ಲಿ ಎಚ್‌ಪಿಯವರು ತಮ್ಮ ಬಹುತೇಕ ಮಾದರಿಗೆ ಲಿನಕ್ಸ್ ಡ್ರೈವರ್ ಕೊಟ್ಟಿದ್ದಾರೆ. ಲೇಸರ್‌ಜೆಟ್ 1020ರಂಥ ಕೆಲವಕ್ಕೆ ಇನ್ನೊಂದು ತುಣುಕು ಇಂಟರ್ನೆಟ್‌ನಿಂದ ಇಳಿಸಬೇಕು, ಯಂತ್ರವೇ ಕೇಳಿ ಇಳಿಸಿಕೊಳ್ಳುತ್ತದೆ. ನಮ್ಮ ಕಡೆಯ ಝೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಬೇರೆಯೇ ಡ್ರೈವರ್ ಬೇಕು, ಹೊಸಬರಿಗೆ ಅದು ತಲೆನೋವು. ಹೊಸ ಪ್ರಿಂಟರ್ ಕೊಳ್ಳುವುದಾದರೆ ಡಬ್ಬಿಯ ಮೇಲೆ ಏರ್‌ಪ್ರಿಂಟ್ ಅಂತ ಇದೆಯೇ ನೋಡಿ. ಅಂಥವು ಡ್ರೈವರ್ ಇಲ್ಲದೆಯೇ ಲಿನಕ್ಸಿನಲ್ಲಿ ನಡೆಯುತ್ತವೆ.

ಕರೆಂಟು ಮತ್ತು ಎರೆಮಣ್ಣಿನ ದೂಳು

ನಮ್ಮ ಹಳ್ಳಿಗಳಲ್ಲಿ ಇವೆರಡೂ ಕಂಪ್ಯೂಟರಿನ ವೈರಿಗಳು. ಕರೆಂಟು ಪದೇ ಪದೇ ಹೋಗುವ ಊರಿದ್ದರೆ ಲ್ಯಾಪ್‌ಟಾಪೇ ಮೇಲು. ಹಳೆಯ ಬ್ಯಾಟರಿ ಅರ್ಧ ತಾಸು ತಡೆದರೂ ಬರೆದದ್ದು ಉಳಿಸಿ ಬಂದ್ ಮಾಡಲು ಸಾಕು. ಡೆಸ್ಕ್‌ಟಾಪ್ ಆದರೆ ಸಣ್ಣ ಯುಪಿಎಸ್ ಬೇಕೇ ಬೇಕು. ಇವೆರಡರ ನಡುವಿನದು ಡಬ್ಬಿಯಷ್ಟೇ ಇರುವ ಸಣ್ಣ ಡೆಸ್ಕ್‌ಟಾಪ್. ಆಪ್ಟಿಪ್ಲೆಕ್ಸ್ ಮೈಕ್ರೋ, ಥಿಂಕ್‌ಸೆಂಟರ್ ಟೈನಿ ಅಂತ ಹೆಸರು. ಲ್ಯಾಪ್‌ಟಾಪಿನಂಥ ಅಡಾಪ್ಟರ್ ಮೇಲೆ ನಡೆಯುತ್ತದೆ, ಕರೆಂಟು ಕಡಿಮೆ ತಿನ್ನುತ್ತದೆ. ಕೊಳ್ಳುವಾಗ ಅದರದೇ ಅಡಾಪ್ಟರ್ ಜೊತೆಗೆ ಕೇಳಿ ಇಸಗೊಳ್ಳಿರಿ. ದೊಡ್ಡ ಆಫೀಸು ಯಂತ್ರಗಳ ಒಳಗಿನ ಪವರ್ ಸಪ್ಲೈಗೂ ಕಂಪನಿಯದೇ ಪಿನ್ನು ಇರುತ್ತದೆ, ಪೇಟೆಯ ಸಾದಾ ಸಪ್ಲೈ ಅದಕ್ಕೆ ಕೂಡುವುದಿಲ್ಲ.

2012ರಲ್ಲಿ ಇಂಗ್ಲೆಂಡಿನಿಂದ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಬೋರ್ಡೂ ಲಿನಕ್ಸಿನದೇ. 35 ಡಾಲರಿನ ಕಂಪ್ಯೂಟರ್ ಅಂತ ಹೆಸರಾಯಿತು. ಆದರೆ ಅಡಾಪ್ಟರ್, ಕಾರ್ಡ್, ಡಬ್ಬಿ, ವೈರು ಕೂಡಿಸಿದರೆ ಹಳೆಯ ಆಫೀಸು ಯಂತ್ರದ ಹತ್ತಿರ ಬರುತ್ತದೆ. ಸೌರ ಫಲಕದ ಮೇಲೆ ನಡೆಸುವವರಿಗೆ, ಕಲಿಯುವ ಹುಡುಗರಿಗೆ ಅದು ಸರಿ. ಮನೆಯ ದಿನದ ಕೆಲಸಕ್ಕೆ ಹಳೆಯ ಯಂತ್ರವೇ ವಾಸಿ.

ದೂಳಿಗೆ ಔಷಧ ಇಷ್ಟೇ: ನೆಲದ ಮೇಲೆ ಇಡಬೇಡಿ. ಹತ್ತಿ ತುಂಬಿದ ಕೋಣೆಯಲ್ಲಿ ಇಡಬೇಡಿ. ವರ್ಷಕ್ಕೆ ಎರಡು ಸಲ ಬಿಚ್ಚಿ ಬ್ರಷ್ಷಿನಿಂದ ಪಂಖಾ ಉಜ್ಜಿರಿ.

ಹೂಡಿ ನೋಡುವ ಕ್ರಮ

ಎತ್ತು ಕೊಳ್ಳುವಾಗ ಹಲ್ಲು, ಸುಳಿ, ನಡಿಗೆ ನೋಡಿದ ಮೇಲೂ ನೊಗಕ್ಕೆ ಹೂಡಿ ನೋಡದೆ ದುಡ್ಡು ಎಣಿಸುವುದಿಲ್ಲ. ಕಂಪ್ಯೂಟರನ್ನೂ ಹೂಡಿ ನೋಡಬಹುದು. 8 ಜಿಬಿ ಪೆನ್‌ಡ್ರೈವಿನಲ್ಲಿ ಲಿನಕ್ಸ್ ಮಿಂಟ್ ಹಾಕಿಕೊಂಡು ಹೋದರೆ, ಯಂತ್ರದ ಡಿಸ್ಕ್ ಮುಟ್ಟದೆ ಅಲ್ಲೇ ಲಿನಕ್ಸ್ ನಡೆಸಿ ನೋಡಬಹುದು. ಕಂಪ್ಯೂಟರ್ ಬಲ್ಲ ಯಾವ ಹುಡುಗನೂ ಆ ಪೆನ್‌ಡ್ರೈವ್ ಮಾಡಿಕೊಡುತ್ತಾನೆ. ಅಂಗಡಿಯಲ್ಲಿ ಹೀಗೆ ಮಾಡಿ:

1. ಯಂತ್ರ ಬಂದ್ ಇದ್ದಾಗ ಪೆನ್‌ಡ್ರೈವ್ ಹಚ್ಚಿ, ಶುರು ಮಾಡಿದ ಕೂಡಲೇ ಡೆಲ್, ಲೆನೊವೊ ಆದರೆ ಎಫ್12, ಎಚ್‌ಪಿ ಆದರೆ ಎಫ್9 ಒತ್ತುತ್ತಿರಿ. ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ.

2. ಪಾಸ್‌ವರ್ಡ್ ಕೇಳಿತೆ? ಆಫೀಸಿನವರು ಬಯೋಸಿಗೆ ಬೀಗ ಹಾಕಿರುತ್ತಾರೆ. ಮಾರುವವ ಅಲ್ಲೇ ತೆಗೆದುಕೊಡಬೇಕು. ಇಲ್ಲವಾದರೆ ಬಿಟ್ಟು ಬನ್ನಿ.

3. ವೈಫೈ ಹೆಸರುಗಳು ಕಾಣುತ್ತವೆಯೇ ನೋಡಿ. ನಿಮ್ಮ ಮೊಬೈಲಿನ ಹಾಟ್‌ಸ್ಪಾಟಿಗೆ ಕೂಡಿಸಿ ಒಂದು ವಿಡಿಯೋ ಹಚ್ಚಿರಿ. ಧ್ವನಿಯೂ ಬರಬೇಕು.

4. ಕೀಲಿಮಣೆಯ ಪ್ರತಿ ಕೀಲಿ ಒತ್ತಿ ನೋಡಿ. ಯುಎಸ್‌ಬಿ ತೂತು ಎಲ್ಲದರಲ್ಲೂ ಮೌಸ್ ಹಚ್ಚಿ ನೋಡಿ.

5. ಮೆನುವಿನಲ್ಲಿ ಸಿಸ್ಟಮ್ ಮಾಹಿತಿ ತೆರೆದು ಚಿಪ್ಪಿನ ಹೆಸರು, ರಾಮ್ ಎಷ್ಟು ಅಂತ ಓದಿ. ಮಾರುವವ ಹೇಳಿದ್ದಕ್ಕೆ ತಾಳೆ ಹಾಕಿ.

6. ಡಿಸ್ಕ್ಸ್ ಎಂಬ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ಕಾಣುತ್ತದೆ. ಕೆಟ್ಟ ಭಾಗಗಳ ಎಚ್ಚರಿಕೆ ಇದ್ದರೆ ಆ ಡಿಸ್ಕಿಗೆ ಬೆಲೆ ಕಟ್ಟಬೇಡಿ.

7. ಲ್ಯಾಪ್‌ಟಾಪ್ ಆದರೆ ಕ್ಯಾಮೆರಾ ನೋಡಿ, ಚಾರ್ಜರ್ ತೆಗೆದು ಅರ್ಧ ತಾಸು ನಡೆಸಿ. ಮುಚ್ಚಿ ಮತ್ತೆ ತೆರೆದರೆ ಏಳಬೇಕು.

8. ಗಡಿಯಾರ ತಪ್ಪಿದ್ದರೆ ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದೆ. ತಾರೀಖು ತಪ್ಪಿದರೆ ಬ್ಯಾಂಕು, ಸರ್ಕಾರಿ ಜಾಲತಾಣ ತೆರೆಯುವುದೇ ಇಲ್ಲ. ಬ್ಯಾಟರಿ ಅಗ್ಗ, ಸಿಆರ್2032 ಅಂತ ಕೇಳಿ. ಇದೊಂದಕ್ಕೆ ಯಂತ್ರ ಬಿಡಬೇಕಿಲ್ಲ.

ಬೆರಳಚ್ಚಿನ ಗುಂಡಿ ಲಿನಕ್ಸಿನಲ್ಲಿ ನಡೆಯದೇ ಇರಬಹುದು. ಅದು ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಈ ಎಲ್ಲಕ್ಕೂ ಅರ್ಧ ತಾಸಿನಿಂದ ಒಂದು ತಾಸು ಹಿಡಿಯುತ್ತದೆ. ಹೂಡಿ ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಮೂರೂ ನಮಗೆ ಬಸ್ಸಿನ ದೂರದಲ್ಲಿವೆ, ಒಂದಲ್ಲದಿದ್ದರೆ ಇನ್ನೊಂದು ಅಂಗಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದರ ಕಡಿಮೆ ಇರಬಹುದು, ಕೆಟ್ಟರೆ ತಿರುಗಿ ಒಯ್ಯುವವರು ಯಾರು?

ನಾವು ಕೂಡಿಸಿದ್ದರ ಖರ್ಚು

2024ರಲ್ಲಿ ಒಂದು ಸ್ವಸಹಾಯ ಸಂಘಕ್ಕೆ ಕೂಡಿಸಿಕೊಟ್ಟ ಡೆಸ್ಕ್‌ಟಾಪಿನ ಲೆಕ್ಕ ಹೀಗಿದೆ. 6ನೇ ತಲೆಮಾರಿನ ಐ5 ಯಂತ್ರ, 4 ಜಿಬಿ ರಾಮ್ ಸಮೇತ 7,500 ರೂ. ಇನ್ನೂ 4 ಜಿಬಿ ಹಳೆಯ ರಾಮ್ 600. ಹೊಸ 256 ಜಿಬಿ ಎಸ್‌ಎಸ್‌ಡಿ 1,600. ಹಳೆಯ 19 ಇಂಚಿನ ಮಾನಿಟರ್ 1,800. ಕೀಲಿಮಣೆ, ಮೌಸ್ 500. ವೈಫೈ ಕಡ್ಡಿ 400. ಒಟ್ಟು 12,400 ರೂ. ಯುಪಿಎಸ್ ಅವರ ಹತ್ತಿರ ಇತ್ತು. ತಂತ್ರಾಂಶಕ್ಕೆ ಖರ್ಚಿಲ್ಲ. 2025ರ ಕೊನೆಯಿಂದ ರಾಮ್, ಎಸ್‌ಎಸ್‌ಡಿ ದರ ಜಿಗಿದಿದೆ. ಹಾಗಾಗಿ ಈಗ ಕೊಳ್ಳುವವರು 8 ಜಿಬಿ ರಾಮ್ ಒಳಗೇ ಇರುವ ಯಂತ್ರ ಹುಡುಕುವುದು ಲಾಭ.

ಹಾಕಿದ್ದು ಲಿನಕ್ಸ್ ಮಿಂಟ್ 22, ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಈ ಸಾಲಿಗೆ 2029ರವರೆಗೆ ಭದ್ರತೆಯ ತಿದ್ದುಪಡಿ ಬರುತ್ತದೆ. ಲೆಕ್ಕ ಬರೆಯಲು, ಪತ್ರ ಟೈಪ್ ಮಾಡಲು ಲಿಬ್ರೆ ಆಫೀಸ್ ಜೊತೆಗೇ ಬರುತ್ತದೆ.

ಕನ್ನಡ ನಡೆಯುತ್ತದೆಯೇ?

ನಡೆಯುತ್ತದೆ. ಶಾಲೆ, ಕಚೇರಿಗಳಲ್ಲಿ ರೂಢಿಯಾದ ನುಡಿಯ ಕೀಲಿಮಣೆ ವಿನ್ಯಾಸ ಲಿನಕ್ಸಿನೊಳಗೇ ಇದೆ. ಕೀಲಿಮಣೆಯ ಸೆಟ್ಟಿಂಗಿನಲ್ಲಿ ಕನ್ನಡ ಕಗಪ ಅಂತ ಆರಿಸಿದರೆ ಆಯಿತು. ಒಂದು ಮಾತು ನೆನಪಿರಲಿ. ಹಳೆಯ ನುಡಿಯಲ್ಲಿ ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಬರೆದ ಕಡತ ತೆರೆದರೆ ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತದೆ. ಅದು ಕಂಪ್ಯೂಟರಿನ ತಪ್ಪಲ್ಲ. ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ಎಲ್ಲಾ ಕಡೆ ಓದಬಹುದು.

ಯಾರಿಗೆ ಬ್ಯಾಡ?

ಎಲ್ಲರಿಗೂ ಲಿನಕ್ಸೇ ಸರಿ ಅಂತ ನಾನು ಹೇಳುವುದಿಲ್ಲ. ಗ್ರಾಮ ಒನ್ ತರದ ಸೇವಾ ಕೇಂದ್ರ ನಡೆಸುವವರಿಗೆ ಬೆರಳಚ್ಚಿನ ಯಂತ್ರ ಬೇಕು. ಅವುಗಳ ತಂತ್ರಾಂಶ ಮುಖ್ಯವಾಗಿ ವಿಂಡೋಸ್, ಆಂಡ್ರಾಯ್ಡ್‌ಗೆ ಬರುತ್ತದೆ. ಟ್ಯಾಲಿಯಲ್ಲೇ ಲೆಕ್ಕ ಇಡುವ ಸೊಸೈಟಿಯವರೂ ವಿಂಡೋಸ್ ಇಟ್ಟುಕೊಳ್ಳುವುದು ಲೇಸು. ಡಿಜಿಟಲ್ ಸಹಿಯ ಕಡ್ಡಿ ಬಳಸುವವರು ಅದರ ಲಿನಕ್ಸ್ ಡ್ರೈವರ್ ಉಂಟೋ ಅಂತ ಮೊದಲೇ ಕೇಳಬೇಕು. ಮನೆ, ವಿದ್ಯಾರ್ಥಿ, ಸಂಘದ ಕಾಗದಪತ್ರ, ಊರ ವಾಚನಾಲಯ ಇಷ್ಟಕ್ಕೆ ಲಿನಕ್ಸ್ ಸಾಕು.

ಒಂದೇ ಊರಿನವರು ಕೊಳ್ಳುವುದಾದರೆ ಎಲ್ಲರೂ ಒಂದೇ ಮಾದರಿ ಕೊಳ್ಳಿರಿ. ಒಂದು ಕೆಟ್ಟರೆ ಅದರ ಬಿಡಿಭಾಗ ಇನ್ನೊಂದಕ್ಕೆ ಬರುತ್ತದೆ. ಒಬ್ಬ ಹುಡುಗ ಕಲಿತರೆ ಎಲ್ಲರದ್ದೂ ರಿಪೇರಿ ಆಗುತ್ತದೆ. ಕೊಂಡ ದಿನವೇ ಚಿಪ್ಪಿನ ಹೆಸರು, ರಾಮ್ ಜಾತಿ, ವೈಫೈ ಚಿಪ್, ಡಿಸ್ಕಿನ ತರ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿಬಿಡಿ. ಮುಂದೆ ಏನು ತರಬೇಕಾದರೂ ಆ ಚೀಟಿಯ ಫೋಟೋ ತೆಗೆದುಕೊಂಡು ಪೇಟೆಗೆ ಹೋದರೆ ಸಾಕು, ಯಾರೂ ನಿಮಗೆ ಬೇರೆ ಅಳತೆಯ ಸಾಮಾನು ಕಟ್ಟಲಾರರು.